‘ಸ್ಕ್ಯಾನರ್ ಇಲ್ಲ, ಕ್ಯಾಶ್ ಕೊಡಿ’: ಚಿಕ್ಕ ಅಂಗಡಿಗೆ ಬಂದ ಜಿಎಸ್‌ಟಿ ನೋಟಿಸಿನ ಲೆಕ್ಕಾಚಾರ

2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳ ಮುಂದೆ ಕೈಬರಹದ ಚೀಟಿಗಳು ಕಾಣಿಸಿಕೊಂಡವು. ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ.’ ಕೆಲವು ಕಡೆ ಕ್ಯೂಆರ್ ಕೋಡ್ ಕಿತ್ತುಹಾಕಿ, ಗಾಜಿನ ಮೇಲೆ ಅಂಟಿನ ಗುರುತಷ್ಟೇ ಉಳಿದಿತ್ತು. ಯುಪಿಐ ಲೆಕ್ಕ ನೋಡಿ ರಾಜ್ಯ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಚಿಕ್ಕ ವ್ಯಾಪಾರಿಗಳಿಗೆ ಜಿಎಸ್‌ಟಿ, ಅಂದರೆ ಸರಕು ಮತ್ತು ಸೇವಾ ತೆರಿಗೆಯ ನೋಟಿಸ್ ಕಳಿಸಿದ್ದೇ ಇದಕ್ಕೆ ಕಾರಣ. ಒಂದು ಕಟ್ಟು ಕೊತ್ತಂಬರಿಗೂ ಫೋನ್ ತೆಗೆಯುವ ಊರು ಇದು. ಜೇಬಲ್ಲಿ ನೋಟು ಇಟ್ಟುಕೊಳ್ಳುವ ಅಭ್ಯಾಸವನ್ನೇ ಎಷ್ಟೋ ಜನ ಬಿಟ್ಟಿದ್ದಾರೆ. ಹಾಗಾಗಿ ಬೆಳಗ್ಗೆ ಹಾಲಿಗೆ ಬಂದವರು ಎಟಿಎಂ ಹುಡುಕಿಕೊಂಡು ಹೋಗುವಂತಾಯಿತು.

ಆಗ ಶುರುವಾದ ಗೊಂದಲ ಇನ್ನೂ ಪೂರ್ತಿ ಇಳಿದಿಲ್ಲ. ಬೀದಿಯಲ್ಲಿ, ಬಸ್‌ಸ್ಟಾಪಿನಲ್ಲಿ, ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೂರು ಮಾತು ಮತ್ತೆ ಮತ್ತೆ ಕೇಳಿಸುತ್ತವೆ. ‘ಯುಪಿಐ ಮಾಡಿದ್ರೆ ಟ್ಯಾಕ್ಸ್ ಬೀಳುತ್ತಂತೆ.’ ‘ಕ್ಯಾಶ್ ತಗೊಂಡ್ರೆ ಟ್ಯಾಕ್ಸ್ ಇಲ್ವಂತೆ.’ ‘ವರ್ಷಕ್ಕೆ ನಲವತ್ತು ಲಕ್ಷ ದುಡಿಯೋ ಟೀ ಅಂಗಡಿಯವನು ಟ್ಯಾಕ್ಸ್ ಕಟ್ಟಬಾರ್ದಾ?’ ಮೂರೂ ತಪ್ಪು. ಆದರೆ ಒಂದೊಂದು ಒಂದೊಂದು ರೀತಿಯಲ್ಲಿ ತಪ್ಪು. ಅದಕ್ಕೇ ಇದನ್ನು ನಿಧಾನವಾಗಿ ಬಿಡಿಸಿ ನೋಡಬೇಕು.

ಮೊದಲ ಮಾತನ್ನು ಇಲ್ಲೇ ಮುಗಿಸೋಣ. ಯುಪಿಐ ಮೂಲಕ ಹಣ ಕೊಡುವುದಕ್ಕೆ ಜಿಎಸ್‌ಟಿ ಇಲ್ಲ. 2,000 ರೂಪಾಯಿ ದಾಟಿದರೆ ಜಿಎಸ್‌ಟಿ ಹಾಕುತ್ತಾರೆ ಎಂಬ ಸುದ್ದಿ 2025ರ ಏಪ್ರಿಲ್‌ನಲ್ಲಿ ಹರಡಿದಾಗ ಕೇಂದ್ರ ಹಣಕಾಸು ಸಚಿವಾಲಯವೇ ಅದನ್ನು ಅಲ್ಲಗಳೆಯಿತು. ಜಿಎಸ್‌ಟಿ ಬೀಳುವುದು ಮಾರಿದ ವಸ್ತುವಿನ ಮೇಲೆ, ಕೊಟ್ಟ ಸೇವೆಯ ಮೇಲೆ. ಹಣ ನೋಟಿನಲ್ಲಿ ಬಂತೋ ಫೋನಿನಲ್ಲಿ ಬಂತೋ ಎಂಬುದನ್ನು ಆ ಕಾನೂನು ನೋಡುವುದಿಲ್ಲ.

ನೋಟಿಸ್ 2025ರಲ್ಲೇ ಯಾಕೆ ಬಂತು

ಜಿಎಸ್‌ಟಿ ಜಾರಿಗೆ ಬಂದದ್ದು 2017ರ ಜುಲೈ 1ರಂದು. ನೋಂದಣಿಯ ಮಿತಿಯೂ ಹೊಸದಲ್ಲ. 2019ರ ಏಪ್ರಿಲ್‌ನಿಂದಲೂ ಬರೀ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು, ಸೇವೆ ಕೊಡುವವರಿಗೆ 20 ಲಕ್ಷ. ಅದನ್ನು ದಾಟಿದರೆ ನೋಂದಣಿ ಮಾಡಿಸಬೇಕು. ಕಾನೂನು ಹಳೆಯದೇ ಆದರೆ ಗಲಾಟೆ ಎಂಟು ವರ್ಷ ತಡವಾಗಿ ಎದ್ದದ್ದೇಕೆ?

ಉತ್ತರ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇದೆ. ಯುಪಿಐ ಶುರುವಾದದ್ದು 2016ರಲ್ಲಿ. 2020ರ ಜನವರಿಯಿಂದ ಅದಕ್ಕೆ ವ್ಯಾಪಾರಿ ಕೊಡಬೇಕಾದ ಶುಲ್ಕವನ್ನು ತೆಗೆದರು. ಅದೇ ವರ್ಷ ಕೋವಿಡ್ ಬಂತು, ನೋಟು ಮುಟ್ಟಲು ಜನ ಹೆದರಿದರು. ನೋಡನೋಡುತ್ತಿದ್ದಂತೆ ಟೀ ಅಂಗಡಿ, ಹೂವಿನ ಬುಟ್ಟಿ, ಎಳನೀರಿನ ಗಾಡಿ ಎಲ್ಲ ಕಡೆ ಸ್ಕ್ಯಾನರ್ ಬಂತು. ‘ಇಪ್ಪತ್ತು ರೂಪಾಯಿ ಬಂದಿದೆ’ ಎಂದು ಕನ್ನಡದಲ್ಲೇ ಕೂಗುವ ಪುಟ್ಟ ಪೆಟ್ಟಿಗೆಯೂ ಬಂತು. 2025ರ ಆಗಸ್ಟ್ ಹೊತ್ತಿಗೆ ದೇಶದಲ್ಲಿ ಒಂದೇ ತಿಂಗಳಲ್ಲಿ ನಡೆಯುವ ಯುಪಿಐ ವಹಿವಾಟುಗಳ ಸಂಖ್ಯೆ 2,000 ಕೋಟಿ ದಾಟಿತು.

ಮೊದಲು ಚಿಕ್ಕ ಅಂಗಡಿಯ ವ್ಯಾಪಾರ ಎಷ್ಟು ಎಂಬುದು ಅಂಗಡಿಯವರಿಗೂ ಸರಿಯಾಗಿ ಗೊತ್ತಿರುತ್ತಿರಲಿಲ್ಲ. ಬೆಳಗ್ಗೆ ಗಲ್ಲಾಕ್ಕೆ ಬಂದದ್ದು ಮಧ್ಯಾಹ್ನ ಹೋಲ್‌ಸೇಲ್ ಅಂಗಡಿಗೆ ಹೋಗುತ್ತಿತ್ತು, ಸಂಜೆ ಚೀಟಿಗೆ ಹೋಗುತ್ತಿತ್ತು, ಉಳಿದದ್ದು ಮನೆಗೆ. ಎಲ್ಲೂ ಗುರುತು ಉಳಿಯುತ್ತಿರಲಿಲ್ಲ. ಯುಪಿಐ ಬಂದ ಮೇಲೆ ಪ್ರತಿ ಹತ್ತು ರೂಪಾಯಿಗೂ ದಿನಾಂಕ, ಗಂಟೆ, ನಿಮಿಷದ ದಾಖಲೆ ಸಿಕ್ಕಿತು. ರಾಜ್ಯ ವಾಣಿಜ್ಯ ತೆರಿಗೆ ಇಲಾಖೆ ಪಾವತಿ ಸಂಸ್ಥೆಗಳಿಂದ ಈ ಲೆಕ್ಕವನ್ನು ತರಿಸಿಕೊಂಡಿತು. 2021–22ರಿಂದ 2024–25ರವರೆಗಿನ ನಾಲ್ಕು ವರ್ಷಗಳಲ್ಲಿ ಯಾರ ಖಾತೆಗೆ ಮಿತಿ ಮೀರಿ ಹಣ ಬಂದಿದೆ, ಅವರಲ್ಲಿ ಯಾರು ನೋಂದಣಿ ಮಾಡಿಸಿಲ್ಲ ಎಂದು ಹೆಕ್ಕಿತು. ಸಾವಿರಾರು ಜನರಿಗೆ ನೋಟಿಸ್ ಹೋಯಿತು.

ಒಂದೇ ಅಲ್ಲದ ಮೂರು ಮೊತ್ತಗಳು

ಈ ಇಡೀ ಪ್ರಕರಣದ ಗಂಟು ಇರುವುದು ಇಲ್ಲಿ. ಅಂಗಡಿಯ ದುಡ್ಡಿನಲ್ಲಿ ಮೂರು ಬೇರೆ ಬೇರೆ ಮೊತ್ತಗಳಿವೆ. ಮೂರನ್ನೂ ಒಂದೇ ಎಂದುಕೊಂಡಿದ್ದರಿಂದ ಇಲಾಖೆಯೂ ಎಡವಿತು, ವ್ಯಾಪಾರಿಯೂ ಎಡವಿದರು, ಜನರೂ ಎಡವಿದರು.

ಮೊದಲನೆಯದು ಖಾತೆಗೆ ಬಂದ ಹಣ. ಇದರಲ್ಲಿ ಗಿರಾಕಿ ಕೊಟ್ಟದ್ದು ಇರುತ್ತದೆ. ತಮ್ಮ ಕಳಿಸಿದ ಕೈಸಾಲ, ಚೀಟಿ ಎತ್ತಿದ ದುಡ್ಡು, ಮಗಳ ಫೀಸಿಗೆ ಮಾವನವರು ಹಾಕಿದ್ದು ಕೂಡ ಇರುತ್ತದೆ. ‘ಅಣ್ಣಾ, ಐನೂರು ಸ್ಕ್ಯಾನ್ ಮಾಡ್ತೀನಿ, ಕ್ಯಾಶ್ ಕೊಡ್ತೀರಾ?’ ಎಂದು ಕೇಳಿ ನೋಟು ತೆಗೆದುಕೊಂಡು ಹೋದವರದ್ದೂ ಅದೇ ಖಾತೆಗೆ ಬಂದಿರುತ್ತದೆ. ಅಂಗಡಿಗೂ ಮನೆಗೂ ಒಂದೇ ನಂಬರ್ ಇರುವುದು ನಮ್ಮಲ್ಲಿ ತೀರ ಸಾಮಾನ್ಯ.

ಎರಡನೆಯದು ವಹಿವಾಟು. ಅಂದರೆ ವರ್ಷದಲ್ಲಿ ಮಾರಿದ್ದರ ಒಟ್ಟು ಬೆಲೆ. ಕಾನೂನು ಅಳೆಯುವುದು ಇದನ್ನು.

ಮೂರನೆಯದು ಉಳಿತಾಯ, ಅಂದರೆ ಮನೆ ನಡೆಯುವ ದುಡ್ಡು. 40 ಲಕ್ಷದ ವಹಿವಾಟಿನಲ್ಲಿ ನೂರಕ್ಕೆ ಎಂಟು ರೂಪಾಯಿ ಮಾರ್ಜಿನ್ ಸಿಗುತ್ತದೆ ಎಂದುಕೊಳ್ಳಿ. ವರ್ಷಕ್ಕೆ 3.20 ಲಕ್ಷ ಆಯಿತು. ತಿಂಗಳಿಗೆ ಸುಮಾರು 26,700. ಅದರಲ್ಲೇ ಅಂಗಡಿ ಬಾಡಿಗೆ, ಕರೆಂಟ್ ಬಿಲ್, ಹುಡುಗನ ಸಂಬಳ ಎಲ್ಲ ಹೋಗಬೇಕು. ಹಾಲಿನಲ್ಲಂತೂ ಲೀಟರಿಗೆ ಉಳಿಯುವುದು ಕೆಲವೇ ರೂಪಾಯಿ. ಸಿಗರೇಟಿನಲ್ಲೂ ಅಷ್ಟೇ. ವಹಿವಾಟು ಬೇಗ ದಪ್ಪವಾಗಿ ಕಾಣುತ್ತದೆ, ಕೈಯಲ್ಲಿ ಉಳಿಯುವುದು ತೆಳ್ಳಗೆ. ‘ನಲವತ್ತು ಲಕ್ಷ ದುಡಿಯೋನು’ ಎಂಬ ಮಾತು ಇಲ್ಲಿ ಬಿದ್ದುಹೋಗುತ್ತದೆ. ಅದು ದುಡಿಮೆಯಲ್ಲ, ಕೈಯಿಂದ ಕೈಗೆ ದಾಟಿಹೋದ ಸರಕಿನ ಬೆಲೆ.

ದಿನದ ಲೆಕ್ಕದಲ್ಲಿ ನೋಡಿದರೆ ಇದು ಇನ್ನೂ ಸ್ಪಷ್ಟ. ವರ್ಷಕ್ಕೆ 40 ಲಕ್ಷ ಅಂದರೆ ದಿನಕ್ಕೆ ಸುಮಾರು 10,960 ರೂಪಾಯಿ. ಜನ ಓಡಾಡುವ ರಸ್ತೆಯ ಕಾಂಡಿಮೆಂಟ್ಸ್ ಅಂಗಡಿಗೆ ಇದು ದೊಡ್ಡ ಮಾತಲ್ಲ. ಇನ್ನು ಟೀ ಕಾಯಿಸಿ ಕೊಡುವುದು ಹೋಟೆಲಿನ ಹಾಗೆ ಸೇವೆ. ಅದಕ್ಕೆ ಮಿತಿ 20 ಲಕ್ಷ. ಟೀಗೆ 15 ರೂಪಾಯಿ ಎಂದಿಟ್ಟುಕೊಂಡರೆ ದಿನಕ್ಕೆ 365 ಟೀ ಮಾರಿದಾಗ ವರ್ಷಕ್ಕೆ ಸರಿಯಾಗಿ 20 ಲಕ್ಷದ ಹತ್ತಿರ ಬರುತ್ತದೆ. ಆಫೀಸುಗಳ ಪಕ್ಕದ ಟೀ ಅಂಗಡಿಯವರು ಇಷ್ಟನ್ನು ಹಲವು ಬಾರಿ ಮಧ್ಯಾಹ್ನದೊಳಗೇ ಮುಗಿಸುತ್ತಾರೆ. ಬಿಸ್ಕತ್ತಿನ ಜೊತೆ ಟೀಯನ್ನೂ ಕೊಡುವ ಅಂಗಡಿಗೆ 40 ಲಕ್ಷದ ಮಿತಿ ಸಿಗುವುದಿಲ್ಲ ಎಂಬುದು ಎಷ್ಟೋ ಜನರಿಗೆ ಗೊತ್ತೇ ಇರಲಿಲ್ಲ.

ಹಾವೇರಿಯ ತರಕಾರಿ, 29 ಲಕ್ಷದ ನೋಟಿಸ್

ಸುದ್ದಿಯಲ್ಲಿ ಎಲ್ಲರನ್ನೂ ಬೆಚ್ಚಿಬೀಳಿಸಿದ್ದು ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಬಂದ ನೋಟಿಸ್. ನಾಲ್ಕು ವರ್ಷದಲ್ಲಿ 1.63 ಕೋಟಿ ರೂಪಾಯಿ ಡಿಜಿಟಲ್ ಪಾವತಿ ಬಂದಿದೆ, 29 ಲಕ್ಷ ತೆರಿಗೆ ಕಟ್ಟಿ ಎಂದು ಅದರಲ್ಲಿತ್ತು.

ಈ ಎರಡು ಅಂಕಿಗಳನ್ನು ಪಕ್ಕದಲ್ಲಿಟ್ಟು ನೋಡಿ. 1.63 ಕೋಟಿಯ ಶೇ 18 ಎಷ್ಟು? ಸುಮಾರು 29.3 ಲಕ್ಷ. ಅಂದರೆ ಖಾತೆಗೆ ಬಂದ ಪ್ರತಿ ರೂಪಾಯಿಗೂ ಶೇ 18 ತೆರಿಗೆ ಹಾಕಿದರೆ ಎಷ್ಟಾಗುತ್ತದೋ ಹೆಚ್ಚುಕಡಿಮೆ ಅಷ್ಟನ್ನೇ ಕೇಳಿದಂತಿದೆ. ಆದರೆ ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ತೆರಿಗೆಯಿಲ್ಲದ ಸರಕನ್ನು ಮಾತ್ರ ಮಾರುವವರು ಎಷ್ಟೇ ವಹಿವಾಟು ಮಾಡಿದರೂ ನೋಂದಣಿ ಮಾಡಿಸಬೇಕಿಲ್ಲ. ಇನ್ನೂ ಒಂದು ವಿಷಯ: 1.63 ಕೋಟಿಯನ್ನು ನಾಲ್ಕು ವರ್ಷಕ್ಕೆ ಭಾಗಿಸಿದರೆ ವರ್ಷಕ್ಕೆ 40.75 ಲಕ್ಷ. ಸರಾಸರಿಯಲ್ಲಿ ಮಿತಿಯನ್ನು ಕೂದಲೆಳೆಯಷ್ಟು ದಾಟಿದ ಸಣ್ಣ ವ್ಯಾಪಾರ ಅದು.

ನೋಟಿಸ್ ಅಂತಿಮ ಆದೇಶವಲ್ಲ, ವಿವರಣೆ ಕೇಳುವ ಪತ್ರ ಎಂದು ಇಲಾಖೆ ಆಮೇಲೆ ಸ್ಪಷ್ಟಪಡಿಸಿತು. ಕಾನೂನಿನ ಭಾಷೆಯಲ್ಲಿ ಅದು ಸರಿ. ಆದರೆ ಸರ್ಕಾರದ ಮುದ್ರೆ ಇರುವ ಕಾಗದದಲ್ಲಿ 29 ಲಕ್ಷ ಎಂದು ಬರೆದಿದ್ದರೆ, ಅದನ್ನು ಓದುವ ವ್ಯಾಪಾರಿಗೆ ಅದು ಪ್ರಶ್ನೆಯಾಗಿ ಕಾಣುವುದಿಲ್ಲ. ಸಾಲವಾಗಿ ಕಾಣುತ್ತದೆ. ‘ನೀವು ಏನು ಮಾರುತ್ತೀರಿ?’ ಎಂದು ಮೊದಲು ಕೇಳಿ, ಮೊತ್ತವನ್ನು ಆಮೇಲೆ ಬರೆಯಬಹುದಿತ್ತು. ಆ ಒಂದು ಹೆಜ್ಜೆ ಹಿಂದುಮುಂದಾಗಿದ್ದರಿಂದಲೇ ಇಷ್ಟು ಭಯ ಹಬ್ಬಿತು.

ಒಂದು ಅಂಗಡಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ

ಬಡಾವಣೆಯ ಮೂಲೆಯಲ್ಲಿರುವ ಒಂದು ಕಾಂಡಿಮೆಂಟ್ಸ್ ಅಂಗಡಿಯನ್ನು ಊಹಿಸಿಕೊಳ್ಳಿ. ಟೀ ಮಾರುವುದಿಲ್ಲ, ಬರೀ ಸರಕು. ನಗದು ವ್ಯಾಪಾರವನ್ನು ಸದ್ಯಕ್ಕೆ ಬದಿಗಿಡೋಣ. ವರ್ಷದಲ್ಲಿ ಯುಪಿಐ ಮೂಲಕ ಖಾತೆಗೆ 45 ಲಕ್ಷ ಬಂದಿದೆ.

ಇದರಲ್ಲಿ 4 ಲಕ್ಷ ಮನೆಯವರದ್ದು ಮತ್ತು ಕೈಸಾಲ. ಅದು ವ್ಯಾಪಾರವೇ ಅಲ್ಲ. ಉಳಿದ 41 ಲಕ್ಷ ಮಾರಾಟ. ಅದರಲ್ಲಿ ಪ್ಯಾಕೆಟ್ ಹಾಲು 18 ಲಕ್ಷ. ಬ್ರೆಡ್, ಬಾಳೆಹಣ್ಣು, ತೆಂಗಿನಕಾಯಿ 5 ಲಕ್ಷ. ಇವಕ್ಕೆ ತೆರಿಗೆ ಇಲ್ಲ. ಬಿಸ್ಕತ್ತು, ಚಿಪ್ಸ್, ಸೋಪು, ತಂಪು ಪಾನೀಯ ಇತ್ಯಾದಿ ಉಳಿದ 18 ಲಕ್ಷಕ್ಕೆ ತೆರಿಗೆ ಇದೆ.

ಈಗ ಪ್ರಶ್ನೆ: ಈ ಅಂಗಡಿ ನೋಂದಣಿ ಮಾಡಿಸಬೇಕಾ? ಬೇಕು. ಇಲ್ಲೇ ತುಂಬ ಜನ ತಪ್ಪುವುದು. ‘ಹಾಲಿಗೆ ಟ್ಯಾಕ್ಸ್ ಇಲ್ಲ, ಅದನ್ನು ಕಳೆದರೆ ನನ್ನದು 40 ಲಕ್ಷದ ಒಳಗೇ ಇದೆ’ ಎಂದು ಅಂಗಡಿಯವರು ಅಂದುಕೊಳ್ಳುತ್ತಾರೆ. ಆದರೆ ಮಿತಿಯನ್ನು ಅಳೆಯುವಾಗ ತೆರಿಗೆಯಿಲ್ಲದ ಸರಕೂ ಲೆಕ್ಕಕ್ಕೆ ಬರುತ್ತದೆ. ಬರೀ ಹಾಲು, ತರಕಾರಿ ಮಾರಿದರೆ ನೋಂದಣಿ ಬೇಡ. ಅದರ ಜೊತೆ ಬಿಸ್ಕತ್ತನ್ನೂ ಇಟ್ಟರೆ ಎಲ್ಲವನ್ನೂ ಕೂಡಿಸಿ ನೋಡುತ್ತಾರೆ. ಇಲ್ಲಿ 41 ಲಕ್ಷ ಆಗಿದೆ, ಮಿತಿ ದಾಟಿದೆ. ಇದೇ ಅಂಗಡಿಗೆ ಬಂದ ಹಣದಲ್ಲಿ ಇನ್ನೊಂದೂವರೆ ಲಕ್ಷ ಕೈಸಾಲ ಎಂದು ತೋರಿಸಲು ಆಗಿದ್ದರೆ ವಹಿವಾಟು 39.5 ಲಕ್ಷಕ್ಕೆ ಇಳಿಯುತ್ತಿತ್ತು, ನೋಂದಣಿಯೇ ಬೇಕಿರಲಿಲ್ಲ. ಹಾಗೆ ತೋರಿಸುವುದಕ್ಕೆ ಬರೆದಿಟ್ಟ ಲೆಕ್ಕ ಬೇಕು. ಅದು ಸಾಮಾನ್ಯವಾಗಿ ಇರುವುದಿಲ್ಲ.

ಎರಡನೇ ಪ್ರಶ್ನೆ: ಎಷ್ಟು ಕಟ್ಟಬೇಕು? ಈ ಅಂಗಡಿ ಮೊದಲೇ ನೋಂದಣಿ ಮಾಡಿಸಿ ರಾಜಿ ತೆರಿಗೆ ಪದ್ಧತಿ, ಅಂದರೆ ‘ಕಾಂಪೊಸಿಷನ್’ ಆಯ್ದುಕೊಂಡಿದ್ದರೆ, ತೆರಿಗೆ ಇರುವ ಸರಕಿನ ಮಾರಾಟದ ಮೇಲೆ ಶೇ 1 ಸಾಕು. 18 ಲಕ್ಷಕ್ಕೆ ಶೇ 1, ಅಂದರೆ ವರ್ಷಕ್ಕೆ 18,000 ರೂಪಾಯಿ. ಅದೇ ಖಾತೆಗೆ ಬಂದ 45 ಲಕ್ಷಕ್ಕೂ ಶೇ 18 ಹಾಕಿ ನೋಟಿಸ್ ಕೊಟ್ಟರೆ 8.10 ಲಕ್ಷ. ಒಂದೇ ಅಂಗಡಿ, ಒಂದೇ ವ್ಯಾಪಾರ. 18,000ಕ್ಕೂ 8.10 ಲಕ್ಷಕ್ಕೂ ಇರುವ ಅಂತರ ನೋಂದಣಿ ಮತ್ತು ಲೆಕ್ಕದ ಪುಸ್ತಕ ಇಲ್ಲದ್ದಕ್ಕೆ ಬಂದದ್ದು. ರಾಜಿ ತೆರಿಗೆ ಪದ್ಧತಿಯನ್ನು ಹಿಂದಿನ ವರ್ಷಗಳಿಗೆ ಈಗ ಆಯ್ದುಕೊಳ್ಳಲು ಬರುವುದಿಲ್ಲ. ಹಾಗಾಗಿಯೇ ಹಳೆಯ ವರ್ಷಗಳ ನೋಟಿಸ್ ಅಷ್ಟು ಭಾರ.

ನೂರು ರೂಪಾಯಿಯ ಬಿಸ್ಕತ್ತಿನೊಳಗೆ

ಇನ್ನೊಂದು ವಿಷಯ ಸುದ್ದಿಯಲ್ಲಿ ಹೆಚ್ಚು ಬರಲಿಲ್ಲ. ನೋಂದಣಿ ಇಲ್ಲದ ಅಂಗಡಿ ತೆರಿಗೆಯನ್ನೇ ಕೊಡುತ್ತಿಲ್ಲ ಎಂಬುದು ನಿಜವಲ್ಲ. ಅದು ಸರಕು ಕೊಳ್ಳುವಾಗಲೇ ಕೊಟ್ಟಿರುತ್ತದೆ.

ಆ ನೋಟಿಸಿನ ವರ್ಷಗಳಲ್ಲಿ ಬಿಸ್ಕತ್ತಿಗೆ ಶೇ 18 ಜಿಎಸ್‌ಟಿ ಇತ್ತು. 100 ರೂಪಾಯಿ ಎಂಆರ್‌ಪಿಯ ಪ್ಯಾಕೆಟ್ಟನ್ನು ಅಂಗಡಿಯವರು ಡಿಸ್ಟ್ರಿಬ್ಯೂಟರ್‌ನಿಂದ 92 ರೂಪಾಯಿಗೆ ತಂದರು ಎಂದುಕೊಳ್ಳಿ. ಆ 92ರೊಳಗೆ ಸುಮಾರು 14 ರೂಪಾಯಿ ತೆರಿಗೆ ಈಗಾಗಲೇ ಸೇರಿದೆ. ಗಿರಾಕಿ ಕೊಡುವ 100ರೊಳಗಿನ ತೆರಿಗೆ 15 ರೂಪಾಯಿ 25 ಪೈಸೆ. ನೋಂದಾಯಿತ ಅಂಗಡಿಯಾಗಿದ್ದರೆ ಕೊಟ್ಟದ್ದನ್ನು ಕಳೆದು ಉಳಿದದ್ದನ್ನು ಮಾತ್ರ ಕಟ್ಟುತ್ತಿತ್ತು. ಅಂದರೆ ಒಂದು ರೂಪಾಯಿ ಚಿಲ್ಲರೆ. ಸರ್ಕಾರಕ್ಕೆ ಈ ಪ್ಯಾಕೆಟ್ಟಿನಿಂದ ನಿಜವಾಗಿ ತಪ್ಪಿಹೋದದ್ದು ಅಷ್ಟೇ. ಆದರೆ ನೋಂದಣಿ ಇಲ್ಲದವರಿಗೆ ಕೊಟ್ಟ ತೆರಿಗೆಯನ್ನು ಕಳೆಯುವ ಅವಕಾಶ ಇಲ್ಲ. ಹಾಗಾಗಿ ನೋಟಿಸಿನಲ್ಲಿ ನೂರಕ್ಕೆ ಹದಿನೆಂಟು ಕೇಳಲಾಗುತ್ತದೆ. ಎಂಟು ರೂಪಾಯಿ ಮಾರ್ಜಿನ್ನಿನ ಪ್ಯಾಕೆಟ್ಟಿಗೆ ಹದಿನೆಂಟು ರೂಪಾಯಿ ತೆರಿಗೆ. ಯಾವ ಅಂಗಡಿಯೂ ಇದನ್ನು ತಾಳಲಾರದು.

ಯಾರ ವಾದ ಏನು

ವ್ಯಾಪಾರಿಗಳ ಮಾತು ಇದು: ಡಿಜಿಟಲ್ ಮಾಡಿ ಎಂದು ನಮಗೆ ಹೇಳಿದ್ದು ಸರ್ಕಾರವೇ. ನಾವು ಮಾಡಿದೆವು. ನಾಲ್ಕು ವರ್ಷ ಸುಮ್ನೆ ಇದ್ದು ಈಗ ಒಟ್ಟಿಗೆ ಬಡ್ಡಿ, ದಂಡ ಎಂದರೆ ಎಲ್ಲಿಂದ ತರೋದು? ಮೊದಲ ವರ್ಷವೇ ಒಂದು ಪತ್ರ ಬಂದಿದ್ದರೆ ಎಷ್ಟೋ ಜನ ಅವತ್ತೇ ನೋಂದಣಿ ಮಾಡಿಸುತ್ತಿದ್ದರು. ಈ ಮಾತಿನಲ್ಲಿ ತೂಕ ಇದೆ. ಮಾಹಿತಿ ಪ್ರತಿ ವರ್ಷವೂ ಸಿಗುವಂಥದ್ದಾಗಿದ್ದರೆ ನಾಲ್ಕು ವರ್ಷದ ತಡಕ್ಕೆ ವ್ಯಾಪಾರಿಯೊಬ್ಬರೇ ಹೊಣೆಯಲ್ಲ.

ಇಲಾಖೆಯ ವಾದವನ್ನೂ ತಳ್ಳಿಹಾಕುವಂತಿಲ್ಲ. ಕಾನೂನು ಎಲ್ಲರಿಗೂ ಒಂದೇ, ಮಿತಿ ದಾಟಿದವರು ತಾವಾಗಿ ಬಂದು ನೋಂದಾಯಿಸಿಕೊಳ್ಳಬೇಕು, ಮಾಹಿತಿ ಕೈಯಲ್ಲಿದ್ದೂ ಕೇಳದಿದ್ದರೆ ಅದು ಕರ್ತವ್ಯಲೋಪ ಎಂಬುದು ಅದರ ನಿಲುವು.

ಮೂರನೇ ಗುಂಪೊಂದಿದೆ. ಈ ಗಲಾಟೆಯಲ್ಲಿ ಅವರ ದನಿ ಕೇಳಿಸಲೇ ಇಲ್ಲ. ಅದೇ ಬೀದಿಯಲ್ಲಿ ಅಷ್ಟೇ ದೊಡ್ಡ ಅಂಗಡಿ ಇಟ್ಟುಕೊಂಡು, ನೋಂದಣಿ ಮಾಡಿಸಿ, ಆಡಿಟರ್‌ಗೆ ಫೀಸು ಕೊಟ್ಟು, ಮೂರು ತಿಂಗಳಿಗೊಮ್ಮೆ ತೆರಿಗೆ ಕಟ್ಟಿಕೊಂಡು ಬಂದವರು. ಹಳೆಯ ಬಾಕಿಯನ್ನೆಲ್ಲ ಮನ್ನಾ ಮಾಡಿದರೆ ಕಟ್ಟಿದವರು ದಡ್ಡರಾದಂತಲ್ವಾ ಎಂಬುದು ಅವರ ನೋವು. ಇದು ಸಣ್ಣ ಮಾತಲ್ಲ. ನಿಯಮ ಪಾಲಿಸಿದವರಿಗೆ ನಷ್ಟ ಎಂಬ ಭಾವನೆ ಬಂದರೆ ಮುಂದಿನ ವರ್ಷ ನೋಂದಣಿಗೆ ಬರುವವರು ಕಡಿಮೆಯಾಗುತ್ತಾರೆ.

ರಾಜಕೀಯದ ಜಗಳ ಇನ್ನೊಂದು ಕಡೆ ನಡೆಯಿತು. ನೋಟಿಸ್ ಕೊಟ್ಟದ್ದು ರಾಜ್ಯದ ಇಲಾಖೆ ಎಂದು ಕೇಂದ್ರ ಸಚಿವ ಪ್ರಲ್ಹಾದ ಜೋಶಿ ಹೇಳಿದರು. ಜಿಎಸ್‌ಟಿ ಕೇಂದ್ರ ತಂದ ವ್ಯವಸ್ಥೆ ಎಂದು ರಾಜ್ಯದ ಕಡೆಯವರು ಹೇಳಿದರು. ಎರಡೂ ಅರ್ಧ ನಿಜ. ದರ ಮತ್ತು ಮಿತಿಯ ವಿಷಯ ಚರ್ಚೆಯಾಗುವುದು ಕೇಂದ್ರ–ರಾಜ್ಯಗಳೆರಡೂ ಇರುವ ಜಿಎಸ್‌ಟಿ ಮಂಡಳಿಯಲ್ಲಿ. ಯಾರಿಗೆ, ಯಾವಾಗ, ಯಾವ ಭಾಷೆಯಲ್ಲಿ ನೋಟಿಸ್ ಬರೆಯಬೇಕು ಎಂಬುದು ರಾಜ್ಯದ ಇಲಾಖೆಯ ಕೈಯಲ್ಲಿದೆ. ಈ ಪ್ರಕರಣದಲ್ಲಿ ಕೆಟ್ಟದ್ದು ಹೆಚ್ಚಾಗಿ ಎರಡನೆಯದೇ.

ಜುಲೈ 23ರ ಭರವಸೆ

ವ್ಯಾಪಾರಿಗಳು ಕಪ್ಪು ಪಟ್ಟಿ ಕಟ್ಟಿಕೊಂಡರು, ಹಾಲು, ಟೀ, ಕಾಫಿ ಮಾರುವುದನ್ನು ನಿಲ್ಲಿಸಿದರು, ಜುಲೈ 25ಕ್ಕೆ ಬಂದ್‌ಗೆ ಕರೆ ಕೊಟ್ಟರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಜೊತೆ ಸಭೆ ನಡೆಸಿದರು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ಮಿತಿ ದಾಟಿದವರು ಇನ್ನು ಮುಂದೆ ನೋಂದಣಿ ಮಾಡಿಸಲೇಬೇಕು, ಹಾಲು–ತರಕಾರಿಯಂಥ ತೆರಿಗೆಯಿಲ್ಲದ ಸರಕು ಮಾರುವವರಿಗೆ ತೊಂದರೆ ಇಲ್ಲ ಎಂಬ ಭರವಸೆ ಸಿಕ್ಕಿತು. ಬಂದ್ ಕೈಬಿಟ್ಟರು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಸಭೆಯಲ್ಲಿ ಸಿಕ್ಕ ಭರವಸೆ ಒಂದು, ಇಲಾಖೆಯಲ್ಲಿ ನಿಮ್ಮ ಹೆಸರಿನ ಫೈಲ್ ಮುಚ್ಚುವುದು ಇನ್ನೊಂದು. ನೋಟಿಸ್ ಬಂದವರು ಅದಕ್ಕೆ ಲಿಖಿತ ಉತ್ತರ ಕೊಟ್ಟು, ಸ್ವೀಕೃತಿ ಇಟ್ಟುಕೊಳ್ಳುವುದೇ ಸರಿ. ‘ಹೆಂಗೂ ಮನ್ನಾ ಆಯ್ತಲ್ಲ’ ಎಂದು ಕಾಗದವನ್ನು ದೇವರ ಪಟದ ಹಿಂದೆ ಸಿಕ್ಕಿಸಿಟ್ಟರೆ, ಉತ್ತರ ಕೊಡದವರು ಎಂಬ ಪಟ್ಟಿಯಲ್ಲಿ ಹೆಸರು ಉಳಿದುಬಿಡಬಹುದು.

ಆಮೇಲೆ ಎರಡು ಬದಲಾವಣೆ ಬಂದಿವೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಇಳಿದವು. ಬಿಸ್ಕತ್ತು, ಸೋಪು, ಟೂತ್‌ಪೇಸ್ಟು ಶೇ 18ರಿಂದ ಶೇ 5ಕ್ಕೆ ಬಂದವು. ಗ್ಯಾಸ್ ಇರುವ ತಂಪು ಪಾನೀಯದ ಮೇಲಿನ ಒಟ್ಟು ತೆರಿಗೆ ಮಾತ್ರ ಇಳಿಯದೆ ಶೇ 40ರಲ್ಲೇ ಉಳಿಯಿತು. ನವೆಂಬರ್ 1ರಿಂದ, ಅನುಮಾನಕ್ಕೆ ಎಡೆಯಿಲ್ಲದ ಚಿಕ್ಕ ಅರ್ಜಿದಾರರಿಗೆ ಮೂರು ಕೆಲಸದ ದಿನಗಳಲ್ಲಿ ನೋಂದಣಿ ಕೊಡುವ ಸರಳ ವ್ಯವಸ್ಥೆ ಬಂತು. ನೋಂದಣಿ ಅಂದರೆ ಆಫೀಸಿಗೆ ಅಲೆದಾಟ ಎಂಬ ಭಯಕ್ಕೆ ಇದು ಸ್ವಲ್ಪ ಮದ್ದು.

ಕ್ಯಾಶ್‌ಗೆ ಮರಳಿದರೆ ಏನಾಗುತ್ತದೆ

ಎರಡನೇ ಮಾತಿಗೆ ಬರೋಣ: ‘ಕ್ಯಾಶ್ ತಗೊಂಡ್ರೆ ಟ್ಯಾಕ್ಸ್ ಇಲ್ಲ.’ ವಹಿವಾಟು ಅಂದರೆ ನಗದು, ಯುಪಿಐ, ಕಾರ್ಡ್ ಎಲ್ಲ ಸೇರಿದ್ದು. ಕ್ಯಾಶ್ ತೆಗೆದುಕೊಂಡ ಮಾತ್ರಕ್ಕೆ ಮಿತಿ ದೂರ ಹೋಗುವುದಿಲ್ಲ. ಕಣ್ಣಿಗೆ ಬೀಳುವುದು ಕಡಿಮೆಯಾಗಬಹುದು, ಅಷ್ಟೇ. ಅದೂ ಪೂರ್ತಿ ಅಲ್ಲ. ಅಂಗಡಿಗೆ ಸರಕು ಕೊಟ್ಟ ಡಿಸ್ಟ್ರಿಬ್ಯೂಟರ್ ನೋಂದಾಯಿತರಾಗಿದ್ದರೆ ಅವರ ಪುಸ್ತಕದಲ್ಲಿ ಮಾರಾಟದ ಲೆಕ್ಕ ಇದ್ದೇ ಇರುತ್ತದೆ. ನಾಲ್ಕು ವರ್ಷ ದಿನಕ್ಕೆ ಹತ್ತು ಸಾವಿರ ಬರುತ್ತಿದ್ದ ಖಾತೆಗೆ ಇದ್ದಕ್ಕಿದ್ದಂತೆ ಏನೂ ಬರದಿದ್ದರೆ ಅದೂ ಒಂದು ಗುರುತೇ.

ಕೆಲವರು ಇನ್ನೊಂದು ದಾರಿ ಹಿಡಿದರು. ಬೆಳಗ್ಗೆ ಹೆಂಡತಿಯ ನಂಬರು, ಸಂಜೆ ಮಗನ ನಂಬರು. ಇದು ಇನ್ನೂ ಅಪಾಯ. ಅಂಗಡಿ ಒಂದೇ ಆದ್ದರಿಂದ ವಹಿವಾಟೂ ಒಂದೇ. ಇದರಿಂದ ಕಡಿಮೆ ಆಗುವುದೇನೂ ಇಲ್ಲ. ಬದಲಿಗೆ ಓದುತ್ತಿರುವ ಮಗನ ಖಾತೆಗೆ ಲಕ್ಷಗಟ್ಟಲೆ ಎಲ್ಲಿಂದ ಬಂತು ಎಂಬ ಪ್ರಶ್ನೆ ಮುಂದೆ ಅವನಿಗೇ ಬರಬಹುದು.

ನಷ್ಟದ ಲೆಕ್ಕವೂ ಇದೆ. ಸಾಲ ಬೇಕಾದಾಗ ಬ್ಯಾಂಕು ನೋಡುವುದು ಖಾತೆಯ ಓಡಾಟವನ್ನು. ಬೀದಿ ವ್ಯಾಪಾರಿಗಳಿಗೆ 2020ರಲ್ಲಿ ಶುರುವಾದ ಪಿಎಂ ಸ್ವನಿಧಿ ಸಾಲ ಯೋಜನೆಯಲ್ಲಿ ಮೊದಲ ಕಂತು 10,000 ಇತ್ತು, 2025ರಲ್ಲಿ ಅದನ್ನು 15,000ಕ್ಕೆ ಏರಿಸಿದರು. ಅದರಲ್ಲಿ ಡಿಜಿಟಲ್ ವಹಿವಾಟಿಗೆ ಕ್ಯಾಶ್‌ಬ್ಯಾಕ್ ಕೂಡ ಇದೆ. ಖಾತೆ ಖಾಲಿ ಕಾಣುವವರಿಗೆ ಉಳಿಯುವುದು ಮೀಟರ್ ಬಡ್ಡಿಯವರ ಬಾಗಿಲು. ಆದಾಯ ತೆರಿಗೆಯಲ್ಲೂ ಹೀಗೇ. ಅದು ಜಿಎಸ್‌ಟಿಗಿಂತ ಪೂರ್ತಿ ಬೇರೆ, ಲಾಭದ ಮೇಲೆ ಬೀಳುವಂಥದ್ದು. ಪುಸ್ತಕ ಇಡದ ಚಿಕ್ಕ ವ್ಯಾಪಾರಿಯ ಲಾಭವನ್ನು ಅಂದಾಜು ಮಾಡುವ ಪದ್ಧತಿಯಲ್ಲಿ ನಗದು ವಹಿವಾಟಿಗೆ ಶೇ 8, ಡಿಜಿಟಲ್ ವಹಿವಾಟಿಗೆ ಶೇ 6 ಲಾಭ ಎಂದು ಹಿಡಿಯುತ್ತಾರೆ. 40 ಲಕ್ಷಕ್ಕೆ ಲೆಕ್ಕ ಹಾಕಿದರೆ ಒಂದರಲ್ಲಿ 3.20 ಲಕ್ಷ, ಇನ್ನೊಂದರಲ್ಲಿ 2.40 ಲಕ್ಷ. ಫೋನಿನಲ್ಲಿ ತೆಗೆದುಕೊಂಡವರಿಗೇ ಅನುಕೂಲ.

ಯುಪಿಐ ಬಗ್ಗೆ ವ್ಯಾಪಾರಿಗಳಿಗಿರುವ ಭಯಗಳೆಲ್ಲ ಸುಳ್ಳೇನಲ್ಲ. ಯಾರೋ ಗಿರಾಕಿ ಕೊಟ್ಟ ಇನ್ನೂರು ರೂಪಾಯಿ ಸೈಬರ್ ವಂಚನೆಯ ದುಡ್ಡಾಗಿದ್ದರೆ, ಏನೂ ಅರಿಯದ ಅಂಗಡಿಯವರ ಖಾತೆಯೇ ಫ್ರೀಜ್ ಆಗಿಬಿಡುತ್ತದೆ. ಅದನ್ನು ಬಿಡಿಸಿಕೊಳ್ಳಲು ಬ್ಯಾಂಕು, ಪೊಲೀಸ್ ಠಾಣೆ ಅಲೆಯಬೇಕು. ಇದಕ್ಕೆ ಪರಿಹಾರ ಸಿಗದೆ ‘ಧೈರ್ಯವಾಗಿ ಸ್ಕ್ಯಾನರ್ ಇಡಿ’ ಎಂದು ಬರೀ ಬಾಯಲ್ಲಿ ಹೇಳುವುದು ಸರಿಯಲ್ಲ.

ಕದಲದೆ ನಿಂತ ಗೆರೆ

ಮುಂದೆ ಚರ್ಚೆಯಾಗಬೇಕಾದ್ದು ಮಿತಿಯ ವಿಷಯ. 40 ಲಕ್ಷದ ಗೆರೆ ಎಳೆದದ್ದು 2019ರಲ್ಲಿ. ಅಲ್ಲಿಂದ ಬೆಲೆಗಳು ಎಲ್ಲಿಗೆ ಹೋಗಿವೆ ನೋಡಿ. ನಂದಿನಿ ಹಾಲೊಂದನ್ನೇ ತೆಗೆದುಕೊಳ್ಳಿ: ಲೀಟರಿಗೆ 2022ರ ನವೆಂಬರ್‌ನಲ್ಲಿ 2 ರೂಪಾಯಿ, 2023ರ ಆಗಸ್ಟ್‌ನಲ್ಲಿ 3 ರೂಪಾಯಿ, 2025ರ ಏಪ್ರಿಲ್‌ನಲ್ಲಿ 4 ರೂಪಾಯಿ ಏರಿತು. ದಿನಕ್ಕೆ ನೂರು ಲೀಟರ್ ಮಾರುವ ಅಂಗಡಿಗೆ ಈ ಮೂರು ಏರಿಕೆಯಿಂದಲೇ ವರ್ಷದ ವಹಿವಾಟು 3.28 ಲಕ್ಷದಷ್ಟು ಜಾಸ್ತಿಯಾಗುತ್ತದೆ. ಒಂದು ಪ್ಯಾಕೆಟ್ಟೂ ಹೆಚ್ಚು ಮಾರಿಲ್ಲ, ಹೊಸ ಗಿರಾಕಿ ಬಂದಿಲ್ಲ. ಬೆಲೆ ಏರಿದ್ದರಿಂದಲೇ ಅಂಗಡಿ ಗೆರೆ ದಾಟುತ್ತದೆ. ತೆರಿಗೆ ಇಲ್ಲದ ಹಾಲೇ ಅದನ್ನು ತೆರಿಗೆಯ ಲೆಕ್ಕಕ್ಕೆ ತಂದು ನಿಲ್ಲಿಸುತ್ತದೆ. ಮಿತಿಯನ್ನು ಬೆಲೆಯ ಜೊತೆ ಆಗಾಗ ಏರಿಸುತ್ತಾ ಹೋಗದಿದ್ದರೆ ಪ್ರತಿ ವರ್ಷ ಇನ್ನಷ್ಟು ಚಿಕ್ಕ ಅಂಗಡಿಗಳು ಹೀಗೇ ದಾಟುತ್ತವೆ. ಮಿತಿಯ ಲೆಕ್ಕದಿಂದ ಹಾಲನ್ನು ಹೊರಗಿಟ್ಟರೂ ಮೂಲೆ ಅಂಗಡಿಗಳ ಅರ್ಧ ತಲೆನೋವು ತೀರುತ್ತದೆ.

ಗಲ್ಲಾಪೆಟ್ಟಿಗೆ ಪಕ್ಕದ ಪುಸ್ತಕ

ಅಲ್ಲಿಯವರೆಗೆ ಅಂಗಡಿಯವರ ಕೈಯಲ್ಲಿ ಇರುವುದು ಎರಡು ಕೆಲಸ. ಅಂಗಡಿಗೆ ಒಂದು ಖಾತೆ, ಮನೆಗೆ ಇನ್ನೊಂದು ಖಾತೆ ಇಡುವುದು. ಲೆಕ್ಕ ಬರೆಯುವುದು. ಲೆಕ್ಕದ ವರ್ಷ ಏಪ್ರಿಲ್‌ನಿಂದ ಮಾರ್ಚ್. ಮಾರಾಟ ಎಲ್ಲಿಗೆ ಬಂತು ಎಂದು ಡಿಸೆಂಬರ್ ಹೊತ್ತಿಗೆ ಒಮ್ಮೆ ಕೂಡಿ ನೋಡಿದರೆ ಗೆರೆ ಹತ್ತಿರ ಬಂದಿದೆಯೇ ಎಂಬುದು ಗೊತ್ತಾಗುತ್ತದೆ. ದಾಟಿದ ಮೇಲೆ ಅರ್ಜಿ ಹಾಕಲು 30 ದಿನ ಇರುತ್ತದೆ. ರಾಜಿ ತೆರಿಗೆ ಆಯ್ದುಕೊಂಡವರು ಗಿರಾಕಿಯಿಂದ ಬೇರೆಯಾಗಿ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ ಎಂಬುದನ್ನು ಗಿರಾಕಿಗಳೂ ತಿಳಿದಿರಬೇಕು.

ಪುಸ್ತಕ ದೊಡ್ಡದೇನೂ ಬೇಡ. ಮೂವತ್ತು ರೂಪಾಯಿಯ ಗೆರೆ ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಸಾಕು: ಹಾಲು–ಬ್ರೆಡ್–ತರಕಾರಿ, ಉಳಿದ ಸರಕು, ನಗದು ಎಷ್ಟು, ಯುಪಿಐ ಎಷ್ಟು. ರಾತ್ರಿ ಷಟರ್ ಎಳೆಯುವ ಮುಂಚೆ ಐದು ನಿಮಿಷದ ಕೆಲಸ. ಮಾರಾಟವಲ್ಲದ ಹಣ ಬಂದ ದಿನ ಪಕ್ಕದಲ್ಲಿ ಒಂದು ಸಾಲು ಬರೆಯಬೇಕು, ‘ತಮ್ಮನಿಂದ ಕೈಸಾಲ, 20,000, ಫೋನ್‌ಪೇ’ ಎಂದು. ಮೂರು ವರ್ಷ ಬಿಟ್ಟು ಯಾರಾದರೂ ಕೇಳಿದರೆ, ಆ ಪುಟ ತೆಗೆದು ತೋರಿಸಬಹುದು.